ಆರನೆಯ ಡಬ್ಬಿ

ಎಂಬತ್ತಾರು ತುಂಬಿದ ಮೇಲೆ ಅಪ್ಪ ನನ್ನಲ್ಲಿ ಕೇಳಿಕೊಂಡದ್ದು ಒಂದೇ ಒಂದು. ಕಡೂರಿನ ನಮ್ಮ ಬಾಡಿಗೆ ಮನೆಯ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದವನು, ಕೈ ನಿಲ್ಲಿಸದೆ ಕೇಳಿದ.

"ಆ ಇಂಗ್ಲಿಷ್ ಪಿಕ್ಚರ್‌ನಲ್ಲಿ ಕೊಲೆ ಮಾಡಿದ್ದು ನಿಜವಾಗ್ಲೂ ಯಾರು ಅಂತ ಹುಡುಕಿ ಕೊಡ್ತೀಯೇನಮ್ಮ? ನಿನ್ನ ಫೋನ್‌ನಲ್ಲಿ ಎಲ್ಲಾ ಸಿಗುತ್ತಂತಲ್ಲ."

ಯಾವ ಪಿಕ್ಚರ್ ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಇಂಗ್ಲಿಷ್ ಪಿಕ್ಚರ್ ಎಂದರೆ ಒಂದೇ.

"ಈಗ್ಯಾಕಪ್ಪಾ?" ಎಂದೆ.

"ಈಗಲ್ಲದೆ ಇನ್ಯಾವಾಗ? ಆ ಡ್ರೈವರ್ ನಿರಪರಾಧಿ ಆಗಿದ್ರೆ ನಾನು ಹೋಗಿ ಹೇಳ್ಬೇಕಲ್ಲ. ಅವನೂ ಇರ್ಬೇಕು, ನಾನೂ ಇರ್ಬೇಕು."

ಮೂವತ್ತು ವರ್ಷ ಶಿವಮೊಗ್ಗದ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದವಳು ನಾನು. ಬೇರೆಯವರು ಬರೆದದ್ದನ್ನು ಕತ್ತರಿಸುವುದು, ಹೆಸರು ಊರು ಸರಿಯಿದೆಯೇ ಎಂದು ನೋಡುವುದು, ತಪ್ಪು ಅಚ್ಚಾಗಿದ್ದರೆ ಮರುದಿನ ತಿದ್ದುಪಡಿ ಬರೆಯುವುದು ನನ್ನ ಕೆಲಸ. ನಿವೃತ್ತಿಯಾದರೂ ಅಭ್ಯಾಸ ಹೋಗಿಲ್ಲ. ಆದ್ದರಿಂದ ಇಲ್ಲಿಯೂ ಕಂಡದ್ದನ್ನು ಕಂಡದ್ದು ಎಂದು, ಕೇಳಿದ್ದನ್ನು ಕೇಳಿದ್ದು ಎಂದು ಬೇರೆ ಮಾಡಿಯೇ ಬರೆಯುತ್ತೇನೆ.

ಮೊದಲು ಕೇಳಿದ್ದು.

ನಾನು ಹುಟ್ಟುವುದಕ್ಕೂ ಮುಂಚೆ ಅಪ್ಪ ಒಂದು ಟೂರಿಂಗ್ ಟಾಕೀಸಿನಲ್ಲಿ ಮ್ಯಾನೇಜರ್ ಆಗಿದ್ದ. ತರೀಕೆರೆಯ ವರ್ತಕರೊಬ್ಬರ ಟೆಂಟು ಅದು. ತರೀಕೆರೆ, ಅಜ್ಜಂಪುರ, ಹಿರೇನಲ್ಲೂರು, ಕಡೂರು ಹೀಗೆ ಊರೂರಿನ ಹೊರಗೆ ಎರಡು ಮೂರು ತಿಂಗಳು ಬೀಡು ಬಿಟ್ಟು ಮುಂದೆ ಹೋಗುತ್ತಿತ್ತು. ಮ್ಯಾನೇಜರ್ ಎಂದರೆ ಎಲ್ಲವೂ. ಟಿಕೆಟ್ ಹರಿಯುವುದು, ಎತ್ತಿನ ಗಾಡಿಗೆ ಪೋಸ್ಟರ್ ಕಟ್ಟಿಸಿ ಊರು ಸುತ್ತುವುದು, ರೈಲಿನಲ್ಲಿ ಬರುವ ಸಿನಿಮಾ ಪೆಟ್ಟಿಗೆಗೆ ಸ್ಟೇಷನ್ನಿನಲ್ಲಿ ಕಾಯುವುದು. ಪೆಟ್ಟಿಗೆ ಒಂದೊಂದು ಸಲ ಬರುತ್ತಿರಲಿಲ್ಲ. ಹಿಂದಿನ ಊರಿನವರು ಕಳಿಸಲು ತಡ ಮಾಡಿದರೆ ಅಂದಿನ ಆಟ ಇಲ್ಲ. ಜನ ಬಂದು ಮರಳಿನ ಮೇಲೆ ಕೂತುಬಿಟ್ಟಿರುತ್ತಿದ್ದರು.

ಅಂಥ ಆಪತ್ತಿಗೆಂದೇ ಯಜಮಾನರು ಬೆಂಗಳೂರಿನಿಂದ ಒಂದು ಹಳೆಯ ಇಂಗ್ಲಿಷ್ ಪ್ರಿಂಟನ್ನು ಗುಜರಿಯ ಲೆಕ್ಕದಲ್ಲಿ ತಂದರು. ಆರು ರೀಲು, ಆರು ಡಬ್ಬಿ. ವಿಲಾಯಿತಿಯ ಯಾವುದೋ ಸಣ್ಣ ಕಂಪನಿ ಮಾಡಿದ ಕೊಲೆಯ ಚಿತ್ರ. ಒಂದು ಗಂಟೆಯ ಮೇಲೆ ಚೂರು. ಅದರ ಇಂಗ್ಲಿಷ್ ಹೆಸರನ್ನು ನಮ್ಮ ಕಡೆ ಯಾರೂ ಉಚ್ಚರಿಸಲಿಲ್ಲ. ಅದು 'ಕೊಲೆ ಪಿಕ್ಚರ್' ಆಗಿಯೇ ಉಳಿಯಿತು.

ಇಂಗ್ಲಿಷ್ ಚಿತ್ರ ತೋರಿಸಿದರೆ ಯಾರಿಗೆ ತಿಳಿಯಬೇಕು? ಅದಕ್ಕೆ ಅಪ್ಪ ಪರದೆಯ ಪಕ್ಕದಲ್ಲಿ ನಿಂತು, ತಗಡಿನ ತುತ್ತೂರಿ ಬಾಯಿಗಿಟ್ಟುಕೊಂಡು ಕತೆಯನ್ನು ಕನ್ನಡದಲ್ಲಿ ಹೇಳುತ್ತಿದ್ದ. ಅಪ್ಪನ ಇಂಗ್ಲಿಷ್ ಇಂಟರ್‌ನಲ್ಲಿ ಫೇಲಾಗುವವರೆಗೆ. ಲಂಡನ್ನಿನವರು ಆಡುವ ಮಾತು ಅವನಿಗೆ ಅಷ್ಟಾಗಿ ಹಿಡಿಯುತ್ತಿರಲಿಲ್ಲ. ಮುಖ ನೋಡಿ ಕತೆ ಕಟ್ಟುತ್ತಿದ್ದ. ಪ್ರೊಜೆಕ್ಟರ್ ಒಂದೇ ಇದ್ದದ್ದರಿಂದ ಒಂದು ರೀಲು ಮುಗಿದು ಇನ್ನೊಂದನ್ನು ಹಾಕುವವರೆಗೆ ದೀಪ ಹತ್ತುತ್ತಿತ್ತು. ಆಗ ಅಪ್ಪ ಹಿಂದಾದದ್ದನ್ನು ಮತ್ತೊಮ್ಮೆ ಹೇಳಿ, ಮುಂದೇನಾದೀತು ಎಂದು ಕೆರಳಿಸುತ್ತಿದ್ದ.

ಬಿದಿರು ತಟ್ಟಿಯ ಆಚೆ ಹೆಂಗಸರ ಭಾಗ. ಕರೆಂಟಿನ ಇಂಜಿನ್ ಇದ್ದದ್ದು ಅದರ ಮಗ್ಗುಲಿಗೇ. ಅದರ ಗಡಗಡದಲ್ಲಿ ಅಪ್ಪನ ತುತ್ತೂರಿ ಅಲ್ಲಿಗೆ ಕೇಳುತ್ತಿರಲಿಲ್ಲ. ಅವ್ವ ತರೀಕೆರೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು, ಆಗಷ್ಟೇ ಮದುವೆಯಾಗಿದ್ದಳು. ಹೆಂಗಸರ ನಡುವೆ ಕೂತು ಅವರಿಗೆ ಅವಳೇ ಕತೆ ಹೇಳುತ್ತಿದ್ದಳು. ತುತ್ತೂರಿ ಇಲ್ಲ, ಏರುದನಿ ಇಲ್ಲ. ಪಕ್ಕದವಳಿಗೆ ಹೇಳಿದರೆ ಅವಳು ತನ್ನ ಪಕ್ಕದವಳಿಗೆ ಹೇಳುತ್ತಿದ್ದಳು.

ಆ ಚಿತ್ರದ ಮೊದಲ ಆಟ ಅಜ್ಜಂಪುರದಲ್ಲಿ. ಕನ್ನಡ ಪೆಟ್ಟಿಗೆ ಅವತ್ತು ಬರಲಿಲ್ಲ. ಇಂಗ್ಲಿಷ್ ಡಬ್ಬಿಗಳು ಬಂದದ್ದೇ ಹಿಂದಿನ ದಿನ. ಬಿಚ್ಚಿ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಐದು ರೀಲು ಚೆನ್ನಾಗಿ ಹೋಯಿತು. ಮುದುಕ ಶ್ರೀಮಂತನೊಬ್ಬ ಸತ್ತಿದ್ದಾನೆ. ಅನುಮಾನ ಸೊಸೆಯ ಮೇಲೆ. ಮನೆಗೆ ಬಂದುಹೋಗುವ ಗಂಡಸರು ಮೂವರು: ಡಾಕ್ಟರು, ಲಾಯರು, ಕಾರಿನ ಡ್ರೈವರು. ಐದನೆಯ ರೀಲಿನ ಕೊನೆಯಲ್ಲಿ ಸೊಸೆ ಕೋಣೆಯಲ್ಲಿ ಒಬ್ಬಳೇ ಇದ್ದಾಳೆ, ಬಾಗಿಲ ಹಿಡಿ ಹೊರಗಿನಿಂದ ಮೆಲ್ಲಗೆ ತಿರುಗುತ್ತದೆ. ದೀಪ ಹತ್ತಿತು. ಆಪರೇಟರ್ ಆರನೆಯ ಡಬ್ಬಿ ಬಿಚ್ಚಿ ಹಾಕಿದ. ಪರದೆಯ ಮೇಲೆ ಭತ್ತದ ಗದ್ದೆ ಬಂತು. ಗದ್ದೆಗೆ ರಸಗೊಬ್ಬರ ಹಾಕುವುದು ಹೇಗೆ ಎಂಬ ಸರ್ಕಾರಿ ಚಿತ್ರ.

 ಹಿಂದಿನಿಂದ ಒಬ್ಬ ಕೂಗಿದನಂತೆ, "ಏನ್ರಯ್ಯಾ, ಕೊಲೆ ಮಾಡಿದ್ದು ಗೊಬ್ಬರನಾ?" ನಗು, ಶಿಳ್ಳೆ, ಮರಳು ತೂರಾಟ. "ಯಾರು ಮಾಡಿದ್ದು ಹೇಳ್ರೀ ಮ್ಯಾನೇಜರ್ರೇ, ಇಲ್ದಿದ್ರೆ ಟೆಂಟ್ ಬಿಚ್ತೀವಿ!"

ಅಪ್ಪ ತುತ್ತೂರಿ ಎತ್ತಿ ಒಂದೇ ಉಸಿರಿನಲ್ಲಿ ಹೇಳಿದ. "ಮಹಾಜನಗಳೇ, ಬಾಗಿಲು ತೆಗೆದು ಒಳಗೆ ಬಂದವನೇ ಡ್ರೈವರ್! ಮುದುಕನ ಕೊಂದ ಪಾಪಿ ಅವನೇ! ಪೊಲೀಸ್ನೋರು ಬಂದರು, ಬೇಡಿ ಹಾಕಿದರು, ಶುಭಂ!"

ಡ್ರೈವರ್ ಯಾಕೆ ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದೆ. "ಐದು ರೀಲ್‌ನಲ್ಲಿ ಒಂದ್ಸಲಾನೂ ನಗ್ಲಿಲ್ಲ ಕಣಮ್ಮ ಅವನು. ಅದಕ್ಕೆ," ಎಂದಿದ್ದ.

ಅಷ್ಟಕ್ಕೇ ನಿಂತಿದ್ದರೆ ಇದು ನಗುವ ಕತೆ. ಮುಂದಿನ ಬೆಂಚಿನ ಮೇಲೆ ತರೀಕೆರೆ ಅಜ್ಜಂಪುರ ಶಿವನಿ ಬಸ್ಸಿನ ಡ್ರೈವರ್ ಕೂತಿದ್ದ. ಇಪ್ಪತ್ತೈದರ ಒಳಗಿನ ವಯಸ್ಸು. ಸಣ್ಣ ಮೀಸೆ, ಕಣ್ಣಿನವರೆಗೆ ಎಳೆದ ಟೋಪಿ, ಕುತ್ತಿಗೆಗೆ ಮಫ್ಲರ್. ಚಿತ್ರದ ಡ್ರೈವರಿನ ವೇಷವೂ ಅದೇ. ಜನ ಅವನ ಕಡೆ ತಿರುಗಿದರು. "ಲೇ, ಸಿಕ್ಬಿದ್ದೆಯಲ್ಲೋ!" ಎಂದು ಯಾರೋ ಬೆನ್ನಿಗೆ ಹೊಡೆದರು. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಅವನ ಹೆಸರು 'ಕೊಲೆ ಡ್ರೈವರ್' ಆಗಿತ್ತು. ಒಮ್ಮೆ ಹೇಳಿದ್ದನ್ನು ಬದಲಿಸುವಂತಿರಲಿಲ್ಲವಾದ್ದರಿಂದ ಅಪ್ಪ ಮುಂದಿನ ಕ್ಯಾಂಪುಗಳಲ್ಲೂ ಅದೇ ಕೊನೆ ಹೇಳಿದ. ಹೆಸರು ತರೀಕೆರೆಗೆ ಹೋಯಿತು, ಹಿರೇನಲ್ಲೂರಿಗೂ ಹೋಯಿತು. ಹಿರೇನಲ್ಲೂರಿನಲ್ಲಿ ಆ ಡ್ರೈವರಿಗೆ ಹೆಣ್ಣು ಗೊತ್ತಾಗಿತ್ತು. ಹುಡುಗಿಯ ತಂದೆ, "ಕೊಲೆ ಡ್ರೈವರಿಗೆ ಮಗಳನ್ನ ಕೊಟ್ಟ ಅಂತ ಊರು ಆಡ್ಕೊಳ್ಳುತ್ತೆ" ಎಂದು ಸಂಬಂಧ ಮುರಿದ ಸುದ್ದಿ ಟೆಂಟಿಗೆ ಬಂತು.

ಅದೇ ವರ್ಷ ಅಪ್ಪ ಟೆಂಟಿನ ಕೆಲಸ ಬಿಟ್ಟು ಕಡೂರಿನ ಒಂದು ಕೊಬ್ಬರಿ ಮಂಡಿಗೆ ಗುಮಾಸ್ತನಾಗಿ ಸೇರಿದ. ಟೆಂಟು ಬಿಟ್ಟದ್ದು ಅದಕ್ಕೇ ಎಂದು ಅವನು ಹೇಳಿಲ್ಲ, ನಾನೂ ಬರೆಯುವುದಿಲ್ಲ. ಆದರೆ ಆ ಬಸ್ಸನ್ನು ಅವನು ಮತ್ತೆ ಹತ್ತಲಿಲ್ಲ ಎಂಬುದು ನಾನು ಕಂಡದ್ದು. ಅಜ್ಜಂಪುರಕ್ಕೆ ಹೋಗಬೇಕಾದಾಗಲೆಲ್ಲ ರೈಲು. ರೈಲಿಲ್ಲದ ಹೊತ್ತಿನಲ್ಲಿ ಅಲ್ಲಿನ ನೆಂಟರ ಮನೆಯಲ್ಲಿ ಸಾವಾದರೂ, ರೈಲಿಗೆ ಕಾದು ಹೋಗಿ, ಮಣ್ಣಾದ ಮೇಲೆ ಮುಟ್ಟಿದ್ದುಂಟು. ವರ್ಷಕ್ಕೊಮ್ಮೆಯಾದರೂ ಊಟದ ಹೊತ್ತಿನಲ್ಲಿ ಆ ಮಾತು ಎತ್ತುತ್ತಿದ್ದ. "ಪಾಪ, ಏನೂ ಮಾಡ್ದೇ ಇರೋನ ತಲೆಗೆ ಕಟ್ಬಿಟ್ನೇನೋ."

ಅವ್ವ ಅನ್ನ ಬಡಿಸುತ್ತಾ ಒಂದೇ ಉತ್ತರ ಕೊಡುತ್ತಿದ್ದಳು. "ಬಿಡಿ, ಗೊತ್ತಾಗ್ಬೇಕಾದೋರ್ಗೆ ಗೊತ್ತಾಗಿದೆ."

ದೇವರಿಗೆ ಎಂದು ಅಪ್ಪ ತಿಳಿದಿದ್ದ. ನಾನೂ ಹಾಗೆಯೇ ತಿಳಿದಿದ್ದೆ. ಅವ್ವ ಹೋಗಿ ನಾಲ್ಕು ವರ್ಷವಾಯಿತು. ಈ ಮಾತಿಗೆ ಹಾಗೆ ಸಮಾಧಾನ ಹೇಳುವವರು ಆಮೇಲೆ ಯಾರೂ ಇರಲಿಲ್ಲ.

ಇನ್ನು ಕಂಡದ್ದು.

ಚಿತ್ರದ ಹೆಸರೇ ಗೊತ್ತಿಲ್ಲದೆ ಹುಡುಕುವುದು ಸುಲಭವಲ್ಲ. ಅಪ್ಪನನ್ನು ಕೂರಿಸಿಕೊಂಡು ಗುರುತುಗಳನ್ನು ಬರೆದುಕೊಂಡೆ. ಪಂಜರದಲ್ಲಿ ಒಂದು ಗಿಳಿ. ಒಡೆದ ಗಾಜಿನ ಗಡಿಯಾರ. ಯಾವಾಗಲೂ ಮಂಜು. "ಒಂದೇ ಮೆಟ್ಟಿಲು, ಎರಡು ಮನೆ," ಎಂದ ಅಪ್ಪ.

"ಹಂಗಂದ್ರೆ?"

"ಮುದುಕನ ಮನೆ ಮೆಟ್ಟಿಲೂ ಅದೇ, ಡಾಕ್ಟ್ರ ಮನೆ ಮೆಟ್ಟಿಲೂ ಅದೇ. ಗೋಡೆ ಮೇಲಿನ ಪಟ ಬದಲಾಯಿಸಿರ್ತಾರೆ ಅಷ್ಟೆ. ಕಾಸಿಲ್ದೋರು ಮಾಡಿದ ಪಿಕ್ಚರ್ ಕಣಮ್ಮ ಅದು. ನಮ್ಮ ಟೆಂಟಿಗೆ ಸರಿಯಾಗಿತ್ತು."

ಅಂಥ ಚಿತ್ರಗಳನ್ನು ಹಾಕಿಟ್ಟಿರುವ ತಾಣಗಳಿವೆ. ಎರಡು ತಿಂಗಳು ದಿನಕ್ಕೊಂದರಂತೆ ಮೊದಲ ಹತ್ತು ನಿಮಿಷ ನೋಡುತ್ತಾ ಹೋದೆ. ನೋಡುತ್ತಾ ನೋಡುತ್ತಾ ನನಗೆ ಅವುಗಳ ಮೇಲೆ ಒಂದು ಬಗೆಯ ಮಮತೆ ಹುಟ್ಟಿತು. ದೊಡ್ಡ ಚಿತ್ರದ ಮುಂಚೆ ತೋರಿಸಲೆಂದು ಕೆಲವೇ ದಿನಗಳಲ್ಲಿ ಮಾಡಿ ಮುಗಿಸಿದವು. ಬಾಗಿಲು ಜೋರಾಗಿ ಹಾಕಿದರೆ ಗೋಡೆ ಅಲುಗುತ್ತದೆ. ಬೀದಿ ಕಟ್ಟಲು ದುಡ್ಡಿಲ್ಲದೆಡೆ ಮಂಜು ಬಿಟ್ಟಿರುತ್ತಾರೆ. ಆದರೂ ನಟರು ಆ ಅಲುಗುವ ಗೋಡೆಯ ಮುಂದೆ ನಿಂತು ಪೂರ್ತಿ ನಂಬಿ ಮಾತಾಡುತ್ತಾರೆ.

ಒಂದು ದಿನ ಗಿಳಿ ಸಿಕ್ಕಿತು. ಆಮೇಲೆ ಗಡಿಯಾರ. ಆಮೇಲೆ ಅದೇ ಮೆಟ್ಟಿಲು, ಎರಡು ಮನೆ.

ಓದದೆ ಯಾವುದನ್ನೂ ಪುಟಕ್ಕೆ ಬಿಡಬಾರದು ಎಂಬುದು ಡೆಸ್ಕಿನ ಮೊದಲ ಪಾಠ. ಅಪ್ಪನಿಗೆ ಹೇಳುವ ಮುಂಚೆ ನಾನೊಬ್ಬಳೇ ನೋಡಿಬಿಡಬೇಕೆಂದು ಕೂತೆ. ಡ್ರೈವರೇ ಕೊಲೆಗಾರನಾಗಿದ್ದರೆ ಅಪ್ಪನಿಗೆ ನಿರಾಳ. ಅಲ್ಲದಿದ್ದರೆ ಎಂಬತ್ತಾರರಲ್ಲಿ ಇದೊಂದು ಹೊಸ ಭಾರ. ಬಾಗಿಲ ಹಿಡಿ ತಿರುಗುವವರೆಗೆ ನೋಡಿದೆ. ಅಲ್ಲಿಗೆ ನಿಲ್ಲಿಸಿದೆ. ಮುಂದಿನದು ಅವನು ಇಷ್ಟು ವರ್ಷ ಕಾದ ರೀಲು. ನಾನು ಮೊದಲು ನೋಡುವುದು ಸರಿ ಎನಿಸಲಿಲ್ಲ.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಪರದೆ ಎಳೆದು ಟಿ.ವಿ.ಗೆ ಹಾಕಿದೆ. ಅಪ್ಪ ಕನ್ನಡಕ ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತ. ಎರಡು ನಿಮಿಷ ಹೆಸರುಗಳು ಓಡಿದವು. ಆಮೇಲೆ ನನಗೆ ಗೊತ್ತಿಲ್ಲದ ಒಂದು ದನಿ ಅವನೊಳಗಿನಿಂದ ಎದ್ದು ಬಂತು.

"ನೋಡಿ ಮಹಾಜನಗಳೇ, ಈಗ ಬರ್ತಾ ಇದಾರೆ ಡಾಕ್ಟರು! ಕೈಯಲ್ಲಿ ಪೆಟ್ಟಿಗೆ! ಪೆಟ್ಟಿಗೆಯಲ್ಲಿರೋದು ಮದ್ದೋ, ವಿಷವೋ!"

ಒಂದು ದೃಶ್ಯವೂ ತಪ್ಪಲಿಲ್ಲ. ಯಾರು ಯಾವ ಬಾಗಿಲಿನಿಂದ ಬರುತ್ತಾರೆ, ಗಿಳಿ ಯಾವಾಗ ಕೂಗುತ್ತದೆ, ಎಲ್ಲ ಮೊದಲೇ ಹೇಳಿದ. ಅವನು ಹೇಳಿದ ಮಾತಿಗೂ ಇಂಗ್ಲಿಷಿನಲ್ಲಿ ಅವರು ಆಡುತ್ತಿದ್ದ ಮಾತಿಗೂ ಸಂಬಂಧ ಕಡಿಮೆ. ಲಾಯರು ಉಯಿಲಿನ ವಿಷಯ ಹೇಳುತ್ತಿದ್ದರೆ ಅಪ್ಪನ ಕತೆಯಲ್ಲಿ ಅವನು ಸೊಸೆಗೆ ಧೈರ್ಯ ಹೇಳುತ್ತಿದ್ದ. ನಾನು ತಿದ್ದಲಿಲ್ಲ. ಚಿತ್ರದ ಡ್ರೈವರ್ ಅಪ್ಪ ಹೇಳಿದಂತೆಯೇ ಇದ್ದ, ನಗದ ಮನುಷ್ಯ. ಮನೆಯೊಳಗೆ ಬರುವಾಗಲೆಲ್ಲ ಬಾಗಿಲ ಚಾಪೆಗೆ ಬೂಟು ಒರೆಸುತ್ತಿದ್ದ. ಹೊತ್ತು ತುಂಬಿಸಲು ಹಾಗೆ ಮಾಡಿಸಿರಬೇಕು ಎಂದುಕೊಂಡೆ.

ಬಾಗಿಲ ಹಿಡಿ ತಿರುಗಿತು. ಅಪ್ಪನ ದನಿ ನಿಂತಿತು.

"ಇಲ್ಲಿಂದ ಮುಂದೆ ನಂಗೂ ಗೊತ್ತಿಲ್ಲಮ್ಮ," ಎಂದ. "ನೀನು ಹೇಳು."

ಹಾಗಾಗಿ ಆರನೆಯ ರೀಲಿನ ಕತೆ ಹೇಳಿದ್ದು ನಾನು. ಬಾಗಿಲು ತೆರೆಯಿತು. ಬಂದವನು ಲಾಯರು. ಉಯಿಲು ತಿದ್ದಿದವನೂ ಅವನೇ, ಮುದುಕನನ್ನು ಕೊಂದವನೂ ಅವನೇ. ಸೊಸೆಯ ಕುತ್ತಿಗೆಗೆ ಕೈ ಹಾಕುವ ಹೊತ್ತಿಗೆ ಕೆಳಗಿನಿಂದ ಮೆಟ್ಟಿಲು ಹತ್ತಿ ಓಡಿ ಬಂದು, ಬಾಗಿಲು ಒಡೆದು, ಅವಳನ್ನು ಉಳಿಸಿದವನು ಡ್ರೈವರು. ತೋಳಿಗೆ ಗುಂಡು ತಗುಲಿತು, ಬದುಕಿದ. ಕೊನೆಯ ದೃಶ್ಯದಲ್ಲಿ ತೋಳಿಗೆ ಪಟ್ಟಿ ಕಟ್ಟಿಕೊಂಡು ಬಂದು, ಚಾಪೆಗೆ ಬೂಟು ಒರೆಸಿ, ಮೊದಲ ಸಲ ನಕ್ಕ.

ಟಿ.ವಿ. ಕಪ್ಪಗಾಯಿತು.

"ನಗ್ತಾನಲ್ಲಮ್ಮ ಕೊನೇಲಿ," ಎಂದ ಅಪ್ಪ.

"ಹೂಂ."

"ಉಳಿಸಿದೋನ್ನ ಹಿಡ್ದು ಕೊಲೆಗಾರ ಅಂದೆ." ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡ. "ನಿಮ್ಮ ಪೇಪರ್‌ನಲ್ಲಿ ತಪ್ಪಾದ್ರೆ ಏನು ಮಾಡ್ತಿದ್ರಿ?"

"ತಿದ್ದುಪಡಿ ಹಾಕ್ತಿದ್ವಿ."

"ಎಲ್ಲಿ?"

"ತಪ್ಪು ಅಚ್ಚಾದ ಪುಟದಲ್ಲೇ."

"ಹಂಗಾದ್ರೆ ನಡಿ," ಎಂದ.

ಡ್ರೈವರ್ ಬದುಕಿದ್ದಾನೆಯೇ ಎಂದು ಮೊದಲು ತಿಳಿಯಬೇಕಿತ್ತು. ಅಜ್ಜಂಪುರದಲ್ಲಿ ನಮ್ಮ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದ ವರದಿಗಾರರಿಗೆ ಫೋನ್ ಮಾಡಿದೆ. ಹೆಸರು ಹೇಳಿ, ಹಳೆಯ ಬಸ್ ಡ್ರೈವರ್, ಶಿವನಿಯವರು, ಎಂದು ವಿವರಿಸಿದೆ. ಅವರಿಗೆ ಹೊಳೆಯಲಿಲ್ಲ. ಕೊನೆಗೆ ಮನಸ್ಸಿಲ್ಲದೆ ಆ ಇನ್ನೊಂದು ಹೆಸರು ಹೇಳಿದೆ.

"ಓ, ಕೊಲೆ ಡ್ರೈವರ್ರಾ! ಹಂಗೆ ಹೇಳಿ ಮೇಡಂ! ಚೆನ್ನಾಗಿದಾರೆ. ಕಿವಿ ಒಂದು ಹೋಗಿದೆ ಅಷ್ಟೆ. ಅವರ ಮೊಮ್ಮಗನ ಅಂಗಡೀನೂ ಜನ ಕೊಲೆ ಡ್ರೈವರ್ ಅಂಗಡಿ ಅಂತಲೇ ಅನ್ನೋದು."

ಸ್ಪೀಕರ್ ಹಾಕಿದ್ದು ನನ್ನ ತಪ್ಪು. ಅಪ್ಪ ಪಕ್ಕದಲ್ಲೇ ಇದ್ದ.

ಪ್ಯಾಸೆಂಜರ್ ರೈಲಿಗೆ ಹೋದೆವು. ಅಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಮದುವೆ ಮನೆಗಳಿಗೆ ಮಾತ್ರ ತೆಗೆಯುವ ಕೋಟು ಹಾಕಿದ್ದ. ಬೀರೂರು ದಾಟುವವರೆಗೆ ತುಟಿ ಅಲ್ಲಾಡಿಸುತ್ತಾ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡ. ಅಜ್ಜಂಪುರ ಬಂದಾಗ ಕಿಟಕಿಯಿಂದ ಆಚೆ ನೋಡಿ, "ಟೆಂಟ್ ಹಾಕ್ತಿದ್ದಿದ್ದು ಆ ಕಡೆ. ಈಗ ಗೋಡೌನ್ ಆಗಿದೆ," ಎಂದು ಬೆರಳು ತೋರಿಸಿದ.  

ಶಿವನಿ ಸ್ಟೇಷನ್ನಿನ ಎದುರಿನ ಟೀ ಅಂಗಡಿಯಲ್ಲಿ ದಾರಿ ಕೇಳಿದೆವು.

"ಕೊಲೆ ಡ್ರೈವರ್ ಮನೆಗಾ? ಹಿಂಗೇ ಹೋಗಿ, ನೀರಿನ ಟ್ಯಾಂಕ್ ಪಕ್ಕ. ನೆಂಟ್ರಾ?"

"ನೆಂಟ್ರಲ್ಲ ಕಣಪ್ಪಾ," ಎಂದ ಅಪ್ಪ. "ಆ ಹೆಸರಿಟ್ಟೋನು ನಾನೇ."

ಅಂಗಡಿಯವನು ತಮಾಷೆ ಎಂದುಕೊಂಡು ನಕ್ಕ.

ಮನೆಯ ಮುಂದೆ ಗೋಣಿಚೀಲ ಹಾಸಿ ಈರುಳ್ಳಿ ಹರವಿದ್ದರು. ಒಬ್ಬ ಅಜ್ಜಿ ಕೂತು ಕೊಳೆತದ್ದನ್ನು ಆರಿಸುತ್ತಿದ್ದಳು. ಅವಳ ಹಿಂದೆ ಜಗಲಿಯ ಮೇಲೆ ಅವನು ಕೂತಿದ್ದ. ಮೀಸೆ ಬೆಳ್ಳಗಾಗಿತ್ತು. ಹಗಲಿನ ಸೆಕೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿದ್ದ.

ಅಪ್ಪ ಕೂರಲಿಲ್ಲ. ಅಂಗಳದಲ್ಲಿ ನಿಂತು, ಕೈ ಮುಗಿದು, ಬಾಯಿಪಾಠ ಒಪ್ಪಿಸುವವನಂತೆ ಹೇಳಿದ. "ನಾನು ಟೆಂಟ್ ಸಿನಿಮಾದ ಮ್ಯಾನೇಜರ್ ಆಗಿದ್ದೋನು. ಆ ಇಂಗ್ಲಿಷ್ ಪಿಕ್ಚರ್‌ಗೆ ಕೊನೇ ರೀಲ್ ಇರ್ಲಿಲ್ಲ. ಡ್ರೈವರ್ ಕೊಲೆ ಮಾಡ್ದ ಅಂತ ನಾನು ಬಾಯಿಗೆ ಬಂದದ್ದು ಹೇಳ್ಬಿಟ್ಟೆ. ಈಗ ಪೂರ್ತಿ ನೋಡ್ಕೊಂಡು ಬಂದಿದೀನಿ. ಡ್ರೈವರ್ ಅಲ್ಲ. ಅವನು ಒಳ್ಳೆಯೋನು. ತಪ್ಪಾಯ್ತು."

"ಏನಂತೆ?" ಎಂದು ಮುದುಕ ಹೆಂಡತಿಯನ್ನು ಕೇಳಿದ.

ಅಜ್ಜಿ ಎದ್ದು ಹೋಗಿ ಅವನ ಸರಿಯಿದ್ದ ಕಿವಿಯ ಹತ್ತಿರ ಕೂಗಿದಳು. "ಕೊಲೆ ಮಾಡಿದ್ದು ನೀನಲ್ವಂತೆ!"

"ನಾನ್ಯಾವಾಗ ಮಾಡ್ದೆ ಅಂದೆ?"

"ಟೆಂಟ್ ಸಿನಿಮಾದೋರು ಕಣೋ! ಕಡೂರಿಂದ ಬಂದವ್ರೆ ಹೇಳಕ್ಕೆ!"

ಮುದುಕ ಅಪ್ಪನನ್ನು ಅಡಿಯಿಂದ ಮುಡಿವರೆಗೆ ನೋಡಿದ. ಗುರುತು ಹತ್ತಿತು. ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದ. "ಅಯ್ಯೋ ಮ್ಯಾನೇಜರ್ರೇ, ಇಷ್ಟಕ್ಕೆ ಇಲ್ಲಿಗಂಟ ಬಂದ್ರಾ? ಬನ್ನಿ, ಮೇಲೆ ಬನ್ನಿ. ಆ ಹೆಸರಿಂದ ನಂಗೆ ಎಷ್ಟು ಅನುಕೂಲ ಆಯ್ತು ಗೊತ್ತಾ? ಕೊಲೆ ಡ್ರೈವರ್ ಬಸ್ಸು ಅಂದ್ರೆ ದನ ಕೂಡ ರಸ್ತೆ ಬಿಡ್ತಿತ್ತು."

ಅಪ್ಪ ನಗಲಿಲ್ಲ. ಜಗಲಿಯ ಅಂಚಿಗೆ ಕೂತ. "ಅದಲ್ಲ," ಎಂದ. "ಹಿರೇನಲ್ಲೂರಿನ ಸಂಬಂಧ ನನ್ನಿಂದ ಮುರೀತಲ್ಲ. ಆ ಹೆಣ್ಣುಮಗಳು... ಅದೇ ನಂಗೆ."

ಮುದುಕನಿಗೆ ಕೇಳಿಸಲಿಲ್ಲ. ಅಜ್ಜಿಗೆ ಕೇಳಿಸಿತು. ಅವಳು ಕೈಯಲ್ಲಿದ್ದ ಈರುಳ್ಳಿ ಕೆಳಗಿಟ್ಟಳು.

"ಆ ಹೆಣ್ಣುಮಗಳು ನಾನೇ ಕಣ್ರೀ," ಎಂದಳು.

ಅಪ್ಪ ಅವಳನ್ನು ನೋಡಿದ.

"ನಮ್ಮಪ್ಪ ಮುರಿದಿದ್ದು ದಿಟ. ನಿಮ್ಮ ಆಟ ನೋಡ್ಕೊಂಡು ಬಂದು, ಬ್ಯಾಡ ಈ ಸಂಬಂಧ ಅಂದ. ನಮ್ಮಪ್ಪ ಗಂಡಸ್ರ ಕಡೆ ಕೂತಿದ್ದ, ಬ್ಯಾಡ ಅಂದ. ನಾನು ಹೆಂಗಸ್ರ ಕಡೆ ಕೂತಿದ್ದೆ. ನಾನು ಆಗ್ಬೋದು ಅಂದೆ."

"ಹೆಂಗಸ್ರ ಕಡೆ?"

"ನಿಮ್ಮನೆಯೋರು ನಮಗೆ ಬ್ಯಾರೆ ಹೇಳಿದ್ರಲ್ಲ. ಡ್ರೈವರ್ ಅಲ್ಲ ಕಣ್ರೇ, ಡಾಕ್ಟ್ರು ಮಾಡಿದ್ದು ಅಂದ್ರು. ಅದಕ್ಕೆ ನಮ್ಮೂರಲ್ಲಿ ಹೆಂಗಸ್ರು ಯಾರೂ ಇವ್ರನ್ನ ಆ ಹೆಸರಿಂದ ಕರೀತಿರ್ಲಿಲ್ಲ. ಅಪ್ಪ ಬ್ಯಾಡ ಅಂದ್ಮೇಲೆ ನಾನೇ ಒಂದಿನ ಹಗಲೊತ್ತು ಟೆಂಟಿನ ಹತ್ರ ಹೋಗಿ ನಿಮ್ಮನೆಯೋರನ್ನ ಕೇಳ್ದೆ. ಅಕ್ಕಾ, ಡ್ರೈವರ್ ಅಲ್ಲ ಅಂತ ನಿಮಗೆಂಗೆ ಗೊತ್ತು ಅಂತ. ಅಕ್ಕಿ ಆರಿಸ್ತಾ ಕೂತಿದ್ರು. ಏನಂದ್ರು ಗೊತ್ತಾ? ಒಳಗೆ ಬರೋವಾಗೆಲ್ಲ ಕಾಲು ಒರೆಸ್ಕೊಂಡು ಬರ್ತಾನಲ್ಲೇ ಅವನು, ಇನ್ನೊಬ್ರ ಮನೆ ನೆಲ ಕೊಳೆ ಆಗ್ಬಾರ್ದು ಅನ್ನೋನು ಕೊಲೆ ಮಾಡ್ತಾನಾ, ಅಂದ್ರು." ಅವಳು ಗಂಡನ ಕಡೆ ಕೈ ತೋರಿಸಿದಳು. "ಇವ್ರು ಹೆಣ್ಣು ನೋಡಕ್ಕೆ ಬಂದಾಗ ಹೊಸಲು ದಾಟೋ ಮುಂಚೆ ಚಪ್ಪಲಿ ಬಿಟ್ಟು, ಕಾಲಿನ ದೂಳು ಕೊಡವಿ ಬಂದಿದ್ರು. ನಂಗೆ ಗೆಪ್ತಿ ಇತ್ತು. ಅಪ್ಪಂಗೆ ಹೇಳ್ದೆ, ಎಂಟು ದಿನ ಊಟ ಬಿಟ್ಟೆ. ಒಪ್ಕೊಂಡ."

"ಏನಂತೆ?" ಎಂದ ಮುದುಕ.

"ಹಳೇದು ಹೇಳ್ತಿದೀನಿ, ಸುಮ್ಕಿರು!"

ಅಪ್ಪನ ಮುಖ ನೋಡುವುದು ನನಗೆ ಕಷ್ಟವಾಯಿತು. ಅಂಗಳದ ಈರುಳ್ಳಿ ನೋಡಿದೆ. ಆ ದಿನಗಳಲ್ಲಿ ಇವನು ತುತ್ತೂರಿಯಲ್ಲಿ ಹೇಳಿದ್ದನ್ನು ತಟ್ಟಿಯ ಆಚೆ ಅವ್ವ ಸದ್ದಿಲ್ಲದೆ ತಿದ್ದುತ್ತಿದ್ದಳು. ಅಪ್ಪ ಮಾಡಿದ ಹುಳಿಗೆ ಉಪ್ಪು ಕಡಿಮೆಯಾದರೆ ಅವನು ಕೈ ತೊಳೆಯಲು ಹೋದಾಗ ಹಾಕಿಬಿಡುವವಳು. ಗಂಡನಿಗೆ ಯಾಕೆ ಒಮ್ಮೆಯೂ ಹೇಳಲಿಲ್ಲ ಎಂಬುದಕ್ಕೆ ನನ್ನ ಬಳಿ ಯಾವ ಆಧಾರವೂ ಇಲ್ಲ. ಗೊತ್ತಾಗಬೇಕಾದವರಿಗೆ ಗೊತ್ತಾಗಿದೆ ಎಂದದ್ದು ಮಾತ್ರ ದಾಖಲೆಯಲ್ಲಿದೆ. ಅದು ಈ ಅಜ್ಜಿಯ ವಿಷಯವಾಗಿತ್ತು.

"ಹಂಗಾರೆ ಅಕ್ಕ ಹೇಳಿದ್ದೇ ಸರಿ ಆಯ್ತಲ್ಲ," ಎಂದಳು ಅಜ್ಜಿ, ಮುಖ ಅರಳಿಸಿಕೊಂಡು. "ನೀವು ಪೂರ್ತಿ ನೋಡಿದೀರಲ್ಲ. ಡಾಕ್ಟ್ರೇ ಅಲ್ವಾ ಮಾಡಿದ್ದು?"

ಮೂವತ್ತು ವರ್ಷದ ಅಭ್ಯಾಸ. ನನ್ನ ಬಾಯಿ ತೆರೆಯಿತು. ಡಾಕ್ಟರಲ್ಲ, ಲಾಯರು ಎನ್ನಬೇಕು, ಅಷ್ಟರಲ್ಲಿ ಅಪ್ಪನ ಕೈ ನನ್ನ ಮಣಿಕಟ್ಟಿನ ಮೇಲೆ ಬಂದು ಕೂತಿತು.  

"ಹೂಂ ಕಣಮ್ಮ," ಎಂದ ಅಪ್ಪ. "ಡಾಕ್ಟ್ರೇ."

"ನಂಗೊತ್ತಿತ್ತು!" ಅಜ್ಜಿ ಗಂಡನ ಕಿವಿಗೆ ಕೂಗಿದಳು. "ಡಾಕ್ಟ್ರಂತೆ! ನಾನು ಹೇಳ್ತಿರ್ಲಿಲ್ವಾ?"

"ಅಂಗನ್ನು!" ಎಂದ ಮುದುಕ ಸಂತೋಷದಿಂದ. "ಆ ಪೆಟ್ಟಿಗೆ ನೋಡ್ದಾಗ್ಲೇ ಅಂದ್ಕೊಂಡೆ."

ಊಟ ಮಾಡಿಸಿಯೇ ಕಳಿಸಿದರು. ರಾಗಿ ಮುದ್ದೆ, ಈರುಳ್ಳಿ ಗೊಜ್ಜು. ಹೊರಡುವಾಗ ಒಂದು ಚೀಲ ಈರುಳ್ಳಿಯನ್ನೂ ಹೊರಿಸಿದರು. ಬಾಗಿಲವರೆಗೆ ಬಂದ ಅಜ್ಜಿ ಅಪ್ಪನನ್ನು ಕೇಳಿದಳು, "ಅಕ್ಕ ಚೆನ್ನಾಗಿದಾರಾ?" ಅವ್ವ ಹೋಗಿ ನಾಲ್ಕು ವರ್ಷವಾಯಿತೆಂದು ಅಪ್ಪ ಹೇಳಿದ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನಂಗೆ ಗಂಡನ್ನ ಕೊಡ್ಸಿದ್ದೇ ಅವ್ರು," ಎಂದಳು.

ವಾಪಸು ರೈಲಿನಲ್ಲಿ ಜನ ಕಡಿಮೆ. ಈರುಳ್ಳಿ ಚೀಲ ಅಪ್ಪನ ಕಾಲ ಹತ್ತಿರ ಇತ್ತು.  ಮಾತು ನಾನೇ ತೆಗೆದೆ.

"ಒಂದು ತಪ್ಪು ತಿದ್ದೋಕೆ ಹೋಗಿ ಇನ್ನೊಂದು ಮಾಡ್ಕೊಂಡು ಬಂದ್ಯಲ್ಲಪ್ಪಾ."

"ಇರ್ಲಿ ಬಿಡು."

"ಡಾಕ್ಟ್ರು ಪಾಪ ಏನು ಮಾಡಿದ್ರು?"

"ಅದು ನಿಮ್ಮವ್ವ ಹೇಳಿದ ಆಟ," ಎಂದ. "ಅದನ್ನ ತಿದ್ದೋಕೆ ನಾವ್ಯಾರು?"

 ಡಾಕ್ಟರು ನಿರಪರಾಧಿ ಎಂಬುದನ್ನು ಇಲ್ಲಿ ಬರೆದಿಟ್ಟಿದ್ದೇನೆ, ದಾಖಲೆಗೆ ಅಷ್ಟು ಸಾಕು. ಶಿವನಿಗೆ ಹೋಗಿ ಇದನ್ನು ಯಾರೂ ಓದಿ ಹೇಳಬೇಕಾಗಿಲ್ಲ.

ಅಪ್ಪ ಕೋಟಿನ ಗುಂಡಿ ಬಿಚ್ಚಿ ಕಿಟಕಿಗೆ ಒರಗಿದ. ಅಜ್ಜಂಪುರ ಹತ್ತಿರವಾಗುತ್ತಿತ್ತು. ಅವನು ಕಣ್ಣು ಮುಚ್ಚಿದ್ದ, ನಿದ್ದೆ ಬಂತೇನೋ ಎಂದುಕೊಂಡೆ. ಆದರೆ ಐದು ರೀಲುಗಳನ್ನೂ ಮತ್ತೆ ಮೊದಲಿನಿಂದ ಓಡಿಸಿ ನೋಡುತ್ತಿದ್ದನೆಂದು ತೋರುತ್ತದೆ, ಈ ಸಲ ತಟ್ಟಿಯ ಆಚೆಯಿಂದ.

"ಅಲ್ಲ ಕಣಮ್ಮ," ಎಂದ ಕಣ್ಣು ತೆರೆಯದೆ, "ಆ ಡಾಕ್ಟ್ರು ಮೊದಲ್ನೇ ರೀಲಲ್ಲೇ ಒಂಥರಾ ನೋಡ್ತಾನೆ ಅಲ್ವಾ?"

"ಹೌದಪ್ಪಾ," ಎಂದೆ. "ನೋಡ್ತಾನೆ."